ಅಂಕಿ, ಕಾಲ, ಹೋಲಿಕೆ: ಸರ್ ಎಂ.ವಿ. ಬದುಕಿನ ಇನ್ನೊಂದು ಪಾಠ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂದೊಡನೆ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯಗಳು ನೆನಪಿಗೆ ಬರುತ್ತವೆ. ಪ್ರತಿವರ್ಷ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಪೇಟ ಧರಿಸಿದ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆದರೆ ಈ ಎಲ್ಲ ಕಾರ್ಯಗಳ ಬೆನ್ನಿಗಿದ್ದ ಅವರ ಒಂದು ಅಭ್ಯಾಸದ ಬಗ್ಗೆ ಅಷ್ಟಾಗಿ ಚರ್ಚೆ ನಡೆದಿಲ್ಲ. ಯಾವ ಅಂಕಿಯನ್ನೂ ಅವರು ಒಂಟಿಯಾಗಿ ನೋಡಲು ಒಪ್ಪುತ್ತಿರಲಿಲ್ಲ. ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ, ಇತರ ಕಡೆ ಎಷ್ಟಿದೆ ಎಂಬ ಹೋಲಿಕೆಯೇ ಅವರ ಚಿಂತನೆಯ ಮೊದಲ ಮೆಟ್ಟಿಲಾಗಿತ್ತು. ಅವರ ಪುಸ್ತಕಗಳಲ್ಲಿ ಪುಟಪುಟಕ್ಕೂ ಅಂಕಿಅಂಶಗಳು ಎದುರಾಗುವುದು ಇದೇ ಕಾರಣಕ್ಕೆ.

ಇಂದು ತಾಲ್ಲೂಕು ಕಚೇರಿಯಿಂದ ಶಾಲೆಯವರೆಗೆ, ಎಪಿಎಂಸಿಯಿಂದ ಸಹಕಾರ ಸಂಘದವರೆಗೆ ಎಲ್ಲೆಡೆ ಕಂಪ್ಯೂಟರ್ ಇದೆ. ಎಕ್ಸೆಲ್‌ನಂತಹ ಸ್ಪ್ರೆಡ್‌ಶೀಟ್‌ನಲ್ಲಿ ಅಂಕಿಗಳನ್ನು ತುಂಬಿ ಗುಂಡಿ ಒತ್ತಿದರೆ ಕ್ಷಣಾರ್ಧದಲ್ಲಿ ನಕ್ಷೆ ಸಿದ್ಧ. ಆದರೆ ಗೆರೆಯ ನಕ್ಷೆ ಬೇಕೋ, ಕಂಬಗಳ ನಕ್ಷೆ ಬೇಕೋ, ವೃತ್ತವನ್ನು ಹೋಳು ಮಾಡಿದ ಪೈ ನಕ್ಷೆ ಬೇಕೋ ಎಂಬುದನ್ನು ಕೊನೆಗೆ ನಿರ್ಧರಿಸಬೇಕಾದವರು ನಾವೇ. ತಪ್ಪು ನಕ್ಷೆ ಆರಿಸಿದರೆ ಸರಿಯಾದ ಅಂಕಿಯೂ ಸುಳ್ಳು ಹೇಳಬಲ್ಲದು. ಆಯ್ಕೆಯ ಈ ವಿವೇಕವನ್ನು ಸ್ಪ್ರೆಡ್‌ಶೀಟ್ ಹುಟ್ಟುವ ಎಷ್ಟೋ ಮೊದಲು ಬಾಳಿದ ಸರ್ ಎಂ.ವಿ. ಅವರ ಬದುಕಿನಿಂದ ಕಲಿಯಲು ಸಾಧ್ಯವಿದೆ.

ಬರದ ನೆರಳಿನಲ್ಲಿ ಬಾಲ್ಯ

ವಿಶ್ವೇಶ್ವರಯ್ಯನವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದರು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಈ ಊರು ಕೋಲಾರ ಜಿಲ್ಲೆಗೆ ಸೇರಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಕುಟುಂಬದ ಮೂಲ ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕ ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣ ಮುಗಿಸಿ ಬೆಂಗಳೂರಿಗೆ ಬಂದರು. ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿಕೊಳ್ಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪದವಿ ಪಡೆದರು.

ಅವರು ಹದಿನೈದರ ಹರೆಯದಲ್ಲಿದ್ದಾಗ ಮೈಸೂರು ಸಂಸ್ಥಾನವನ್ನು 1876-78ರ ಭೀಕರ ಕ್ಷಾಮ ಬಡಿಯಿತು. ಕೋಲಾರ ಸೀಮೆಗೆ ಬಿದ್ದ ಪೆಟ್ಟು ದೊಡ್ಡದು. ಜನಗಣತಿಯ ಪ್ರಕಾರ 1871ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 6.19 ಲಕ್ಷ. 1881ರಲ್ಲಿ ಅದು 4.61 ಲಕ್ಷಕ್ಕೆ ಕುಸಿದಿತ್ತು. ಅಂದರೆ ನಾಲ್ಕರಲ್ಲಿ ಒಂದು ಪಾಲು ಜನ ಇಲ್ಲವಾಗಿದ್ದರು. ಕೆಲವರು ಸತ್ತು, ಕೆಲವರು ಊರು ಬಿಟ್ಟು. 1891ರಲ್ಲಿ 5.91 ಲಕ್ಷ, 1901ರಲ್ಲಿ 7.24 ಲಕ್ಷ. ಕೊನೆಯ ಏರಿಕೆಯಲ್ಲಿ ಚಿನ್ನದ ಗಣಿಗೆ ಹೊರಗಿನಿಂದ ಬಂದ ಕೂಲಿಕಾರರ ಪಾಲೂ ಇತ್ತು.

ಈ ನಾಲ್ಕೇ ಅಂಕಿಗಳು ಹೋಲಿಕೆಯ ಮೊದಲ ಪಾಠವನ್ನು ಕಲಿಸುತ್ತವೆ. ನಕ್ಷೆಯನ್ನು 1881ರಿಂದ ಆರಂಭಿಸಿದರೆ 20 ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ಶೇ 57ರಷ್ಟು ಹೆಚ್ಚಿತು ಎಂಬ ಸಮೃದ್ಧಿಯ ಕಥೆ ಕಾಣುತ್ತದೆ. 1871ರಿಂದ ಆರಂಭಿಸಿದರೆ 30 ವರ್ಷಗಳಲ್ಲಿ ಹೆಚ್ಚಿದ್ದು ಶೇ 17 ಮಾತ್ರ. ನಡುವೆ ಒಂದು ಕಂದಕವಿದೆ. ಎರಡೂ ಲೆಕ್ಕಗಳು ಸರಿ. ಆದರೆ ಒಂದರಲ್ಲಿ ಕ್ಷಾಮವಿದೆ, ಇನ್ನೊಂದರಲ್ಲಿ ಅದು ಮಾಯವಾಗಿದೆ. ಯಾವ ವರ್ಷದಿಂದ ಹೋಲಿಕೆ ಆರಂಭವಾಗುತ್ತದೆ ಎಂಬುದು ಹೋಲಿಕೆಯ ಅರ್ಧ ಉತ್ತರವನ್ನು ಮೊದಲೇ ನಿರ್ಧರಿಸಿಬಿಡುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1871 ಹಾಗೂ 1881ರ ಬಿಂದುಗಳನ್ನು ಗೆರೆಯಿಂದ ಸೇರಿಸಿದರೆ ಜನಸಂಖ್ಯೆ ಹತ್ತು ವರ್ಷ ನಿಧಾನವಾಗಿ ಇಳಿಯಿತು ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಅನಾಹುತ ನಡೆದದ್ದು ಎರಡು ಮೂರು ವರ್ಷಗಳಲ್ಲಿ. ನಡುವಿನ ವರ್ಷಗಳ ಅಂಕಿ ಕೈಯಲ್ಲಿಲ್ಲದಿದ್ದಾಗ, ಬಿಡಿಬಿಡಿಯಾಗಿ ನಿಲ್ಲುವ ನಾಲ್ಕು ಕಂಬಗಳೇ ಗೆರೆಗಿಂತ ಪ್ರಾಮಾಣಿಕ.

ನೀರಿನ ಮಟ್ಟ, ಮಳೆಯ ಲೆಕ್ಕ

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಮುಗಿಸಿದ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ನಾಸಿಕ, ಖಾನದೇಶ, ಸಿಂಧ್ ಪ್ರಾಂತದ ಸುಕ್ಕೂರು, ಪುಣೆಗಳಲ್ಲಿ ಕೆಲಸ ಮಾಡಿದ ಅವರಿಗೆ ಹೆಸರು ತಂದದ್ದು ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳು. ಮಳೆಗಾಲದಲ್ಲಿ ಕೋಡಿ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಹಿಡಿದಿಡಲು, ಅಣೆಕಟ್ಟೆಯ ಎತ್ತರ ಹೆಚ್ಚಿಸದೆಯೇ ಸುಮಾರು 8 ಅಡಿ ಹೆಚ್ಚುವರಿ ಸಂಗ್ರಹಕ್ಕೆ ಈ ಗೇಟುಗಳು ದಾರಿ ಮಾಡಿದವು. ನೀರು ನಿಗದಿತ ಮಟ್ಟ ಮೀರಿದೊಡನೆ ಅವು ತಾವಾಗಿಯೇ ತೆರೆಯುತ್ತಿದ್ದವು. ಜಲಾಶಯದ ಮಟ್ಟ ಋತುವಿನಿಂದ ಋತುವಿಗೆ, ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯುತ್ತದೆ ಎಂಬ ಅರಿವಿಲ್ಲದೆ ಇಂತಹ ಯೋಜನೆ ಸಾಧ್ಯವಿರಲಿಲ್ಲ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಸರ್ಕಾರಿ ಸೇವೆಯಿಂದ ಆಗಷ್ಟೇ ಬಿಡುಗಡೆಗೊಂಡಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ನಗರದ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದವು. ಮಳೆಯ ದಾಖಲೆಗಳನ್ನೂ ಪ್ರವಾಹದ ಪ್ರಮಾಣವನ್ನೂ ಪರಿಶೀಲಿಸಿದ ಅವರು, ನಗರದೊಳಗೆ ದಂಡೆ ಎತ್ತರಿಸಿದರಷ್ಟೇ ಸಾಲದು, ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕೆಂದು ಶಿಫಾರಸು ಮಾಡಿದರು. ಉಸ್ಮಾನ್ ಸಾಗರ ಹಾಗೂ ಹಿಮಾಯತ್ ಸಾಗರಗಳು ಅದರ ಫಲ.

ಮೂಸಿಯ ಪ್ರಕರಣ ಕಾಲಮಾನದ ಆಯ್ಕೆ ಎಷ್ಟು ಮುಖ್ಯ ಎಂಬುದನ್ನು ತೋರಿಸುತ್ತದೆ. ವರ್ಷದ ಒಟ್ಟು ಮಳೆಯ ನಕ್ಷೆಯಲ್ಲಿ ಒಂದು ದಿನದ ಮಹಾಮಳೆ ಕಾಣುವುದಿಲ್ಲ. ತಿಂಗಳ ಸರಾಸರಿಯಲ್ಲೂ ಅದು ಕರಗಿಹೋಗುತ್ತದೆ. ಪ್ರವಾಹವನ್ನು ಅರಿಯಲು ದಿನದ ಲೆಕ್ಕ ಬೇಕು, ಬರವನ್ನು ಅರಿಯಲು ವರ್ಷಗಳ ಲೆಕ್ಕ ಬೇಕು. ಹಾಗೆಯೇ ಮಳೆ ಎಂಬುದು ಆಯಾ ಅವಧಿಯಲ್ಲಿ ಬಿದ್ದು ಮುಗಿಯುವ ಮೊತ್ತ. ಅದನ್ನು ಕಂಬಗಳಲ್ಲಿ ತೋರಿಸುವುದು ವಾಡಿಕೆ. ಜಲಾಶಯದ ಮಟ್ಟವಾದರೋ ಪ್ರತಿ ಕ್ಷಣವೂ ಇರುವಂಥದ್ದು, ನಿನ್ನೆಯಿಂದ ಇಂದಿಗೆ ಹರಿದು ಬರುವಂಥದ್ದು. ಅದಕ್ಕೆ ಗೆರೆಯೇ ಸೂಕ್ತ.

ಮೂರು ನಕ್ಷೆಗಳ ಮೂಲ

ಗೆರೆ, ಕಂಬ, ವೃತ್ತ ಈ ಮೂರೂ ನಕ್ಷೆಗಳನ್ನು ಬಳಕೆಗೆ ತಂದ ಕೀರ್ತಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್‌ಗೆ ಸಲ್ಲುತ್ತದೆ. 1786ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳು ವರ್ಷದಿಂದ ವರ್ಷಕ್ಕೆ ಸಾಗಿದ ಬಗೆಯನ್ನು ಗೆರೆಗಳಲ್ಲಿ ತೋರಿಸಲಾಗಿತ್ತು. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಮಾತ್ರ ಆತನ ಬಳಿ ಒಂದೇ ವರ್ಷದ ಅಂಕಿಗಳಿದ್ದವು. ಗೆರೆ ಎಳೆಯಲು ಕಾಲವೇ ಇಲ್ಲದಿದ್ದುದರಿಂದ 17 ದೇಶಗಳೊಡನೆ ನಡೆದ ವ್ಯಾಪಾರವನ್ನು ಪಟ್ಟಿಗಳಾಗಿ ಚಿತ್ರಿಸಿದ. ಒಂದು ಇಡಿಯಲ್ಲಿ ಯಾರ ಪಾಲು ಎಷ್ಟು ಎಂದು ತೋರಿಸುವ ವೃತ್ತದ ನಕ್ಷೆ 1801ರ ಪುಸ್ತಕದಲ್ಲಿ ಬಂತು. ಕಾಲದ ಚಲನೆಗೆ ಗೆರೆ, ಬಿಡಿ ಮೊತ್ತಗಳ ಹೋಲಿಕೆಗೆ ಕಂಬ, ಒಂದು ಕಾಲದ ಪಾಲುಗಳಿಗೆ ವೃತ್ತ ಎಂಬ ವಿಂಗಡಣೆ ಅಂದಿನಿಂದಲೂ ಉಳಿದುಬಂದಿದೆ.

ದಿವಾನರ ಲೆಕ್ಕ, ಟೀಕಾಕಾರರ ಲೆಕ್ಕ

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಯೋಜನೆಗೆ ರೂಪ ಕೊಟ್ಟರು; 1911ರಲ್ಲಿ ಕೆಲಸ ಆರಂಭವಾಯಿತು. ಅದೇ ವರ್ಷ ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಅಸ್ತಿತ್ವಕ್ಕೆ ಬಂತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಕ್ಷೇತ್ರಗಳ ಸ್ಥಿತಿಯನ್ನು ಅಂಕಿಅಂಶ ಮುಂದಿಟ್ಟುಕೊಂಡು ಚರ್ಚಿಸುವ ವೇದಿಕೆ ಅದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು.

ಅವರ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಕಿಗಳ ಪ್ರಕಾರ, ದಿವಾನಗಿರಿಯ ಆರಂಭದಲ್ಲಿ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು. ಆರು ವರ್ಷಗಳಲ್ಲಿ ಸುಮಾರು 6,500 ಹೊಸ ಶಾಲೆಗಳು ಸೇರಿದವು. ವಿದ್ಯಾರ್ಥಿಗಳ ಸಂಖ್ಯೆ 1.40 ಲಕ್ಷದಿಂದ 3.66 ಲಕ್ಷಕ್ಕೇರಿತು. ಶಾಲೆಗಳ ಸಂಖ್ಯೆ ಸಾವಿರಗಳಲ್ಲಿ, ಮಕ್ಕಳ ಸಂಖ್ಯೆ ಲಕ್ಷಗಳಲ್ಲಿ ಇರುವುದರಿಂದ ಎರಡನ್ನೂ ಒಂದೇ ಅಳತೆಯ ನಕ್ಷೆಯಲ್ಲಿ ಇಟ್ಟರೆ ಶಾಲೆಗಳ ಕಂಬ ನೆಲಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಆರಂಭದ ವರ್ಷವನ್ನು ಎರಡಕ್ಕೂ 100 ಎಂದು ಹಿಡಿದರೆ ತೊಡಕು ಬಗೆಹರಿಯುತ್ತದೆ. ಶಾಲೆಗಳು 244ಕ್ಕೆ, ಮಕ್ಕಳು 261ಕ್ಕೆ ಏರಿದ್ದಾರೆ. ಶಾಲೆಗೆ ಸರಾಸರಿ 31 ಇದ್ದ ಮಕ್ಕಳು 33 ಆದರು. ಅಂದರೆ ಹೊಸದಾಗಿ ಕಟ್ಟಿದ ಶಾಲೆಗಳು ಖಾಲಿ ಉಳಿಯಲಿಲ್ಲ.

ಆದರೆ ಒಟ್ಟು ಮೊತ್ತದ ಏರಿಕೆಯೇ ಪೂರ್ಣ ಸತ್ಯವಲ್ಲ ಎಂಬ ಪ್ರಶ್ನೆ ಇದೇ ಅವಧಿಯಲ್ಲಿ ಎದ್ದಿತು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಿದೆ, ಉಳಿದ ಸಮುದಾಯಗಳ ಪಾಲು ಎಲ್ಲಿ ಎಂದು ಹಿಂದುಳಿದ ವರ್ಗಗಳ ಮುಖಂಡರು ಕೇಳಿದರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಈ ಸಮುದಾಯಗಳಿಗೆ ಸಿಗಬೇಕೆಂದು ಸಮಿತಿ ಸೂಚಿಸಿತು. ಅರ್ಹತೆಗೆ ಧಕ್ಕೆಯಾಗುತ್ತದೆ ಎಂಬ ನಿಲುವು ತಳೆದಿದ್ದ ವಿಶ್ವೇಶ್ವರಯ್ಯನವರು ವರದಿ ಬರುವ ಮೊದಲೇ, 1918ರ ಕೊನೆಯಲ್ಲಿ, ದಿವಾನ ಪದವಿಯಿಂದ ಹೊರನಡೆದರು. ಅವರ ನಿರ್ಗಮನಕ್ಕೆ ಈ ಭಿನ್ನಾಭಿಪ್ರಾಯವೇ ಮುಖ್ಯ ಕಾರಣವೆಂದು ಇತಿಹಾಸಕಾರರು ಗುರುತಿಸುತ್ತಾರೆ.

ಅಂಕಿಅಂಶಗಳನ್ನೇ ನಂಬಿ ನಡೆದ ಆಡಳಿತಗಾರನಿಗೆ ಅಂಕಿಅಂಶಗಳೇ ಎದುರಾದ ಸಂದರ್ಭವಿದು. ದಿವಾನರ ನಕ್ಷೆ ಎಷ್ಟು ಬೆಳೆಯಿತು ಎಂಬುದನ್ನು ತೋರಿಸುತ್ತಿತ್ತು, ಟೀಕಾಕಾರರ ನಕ್ಷೆ ಬೆಳೆದದ್ದು ಯಾರ ಪಾಲಿಗೆ ಬಂತು ಎಂಬುದನ್ನು. ಎರಡೂ ಪ್ರಶ್ನೆಗಳು ನ್ಯಾಯಯುತವಾದವು. ಎರಡಕ್ಕೂ ಒಂದೇ ನಕ್ಷೆ ಉತ್ತರ ಕೊಡಲಾರದು. ಮೊತ್ತದ ಬೆಳವಣಿಗೆಗೆ ಕಂಬ ಅಥವಾ ಗೆರೆ ಸಾಕು. ಪಾಲು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂದು ತಿಳಿಯಲು ಪ್ರತಿ ವರ್ಷದ ಕಂಬವನ್ನೂ ನೂರು ಎಂದು ಹಿಡಿದು, ಅದರೊಳಗೆ ಯಾರ ಭಾಗ ಎಷ್ಟು ಎಂದು ಬಣ್ಣದಿಂದ ವಿಂಗಡಿಸಬೇಕು. ಇಲ್ಲಿ ಹತ್ತು ವರ್ಷಕ್ಕೆ ಹತ್ತು ವೃತ್ತಗಳನ್ನು ಸಾಲಾಗಿ ಬರೆದರೆ ಕಣ್ಣಿಗೆ ಏನೂ ಹಿಡಿಯುವುದಿಲ್ಲ.

ಯೋಜನೆಯಿಂದ ಹಳ್ಳಿಗೆ

ಅಧಿಕಾರ ಬಿಟ್ಟ ಬಳಿಕವೂ ಅವರ ಲೆಕ್ಕ ನಿಲ್ಲಲಿಲ್ಲ. 1920ರಲ್ಲಿ ಭಾರತದ ಪುನರ್ನಿರ್ಮಾಣ ಕುರಿತ ಪುಸ್ತಕ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆ ಕುರಿತ ಪುಸ್ತಕ ಹೊರಬಂದವು. ಜಪಾನ್ ಮುಂತಾದ ದೇಶಗಳೊಡನೆ ಭಾರತವನ್ನು ಹೋಲಿಸಿ, ಬೇಸಾಯವನ್ನೇ ನೆಚ್ಚಿಕೊಂಡವರ ಪ್ರಮಾಣ ಇಳಿಯಬೇಕು, ಕೈಗಾರಿಕೆ ಬೆಳೆಯಬೇಕು, ಹತ್ತು ವರ್ಷಗಳಲ್ಲಿ ದೇಶದ ವರಮಾನ ಇಮ್ಮಡಿಯಾಗಬೇಕು ಎಂಬ ಗುರಿಯನ್ನು ಅವರು ಮುಂದಿಟ್ಟರು. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಗುವುದಕ್ಕೆ 17 ವರ್ಷ ಮೊದಲಿನ ಮಾತಿದು.

ತೊಂಬತ್ತರ ಸಮೀಪದಲ್ಲಿದ್ದಾಗ ಅವರ ಗಮನ ಮತ್ತೆ ಹುಟ್ಟಿದ ಸೀಮೆಯತ್ತ ಹೊರಳಿತು. ಅವರು ರೂಪಿಸಿದ ಗ್ರಾಮೀಣ ಕೈಗಾರಿಕೀಕರಣ ಯೋಜನೆ 1950ರ ಸುಮಾರಿಗೆ ಮೊದಲು ಜಾರಿಗೆ ಬಂದದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ. ಹಳ್ಳಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಸ್ಥಳೀಯರ ಸಮಿತಿ ರಚಿಸಿ, ಉತ್ಪನ್ನವನ್ನೂ ವರಮಾನವನ್ನೂ ಹೆಚ್ಚಿಸುವುದು ಅದರ ತಿರುಳು. ರಾಷ್ಟ್ರದ ವರಮಾನಕ್ಕೆ ಹಾಕಿದ ಲೆಕ್ಕವನ್ನೇ ಹಳ್ಳಿಯ ಮಟ್ಟಕ್ಕೆ ಇಳಿಸಿದ ಪ್ರಯತ್ನವದು.

1955ರಲ್ಲಿ ಭಾರತರತ್ನ ಅವರನ್ನು ಅರಸಿ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದ ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪನವರು ತಮ್ಮ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರ ಚಿತ್ರಗಳ ನಡುವೆ ಅವರನ್ನೂ ಉಳಿಸಿಕೊಟ್ಟಿದ್ದಾರೆ. ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ಮಾರುಕಟ್ಟೆಗೆ ಬಂದದ್ದು ಅವರು ತೀರಿಕೊಂಡ 17 ವರ್ಷಗಳ ನಂತರ, 1979ರಲ್ಲಿ.

ಇಂದಿನ ಕೋಲಾರಕ್ಕೆ ಅನ್ವಯ

ನದಿಯ ಆಸರೆಯಿಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇಂದಿಗೂ ಎಲ್ಲ ಲೆಕ್ಕವೂ ಕಾಲದೊಡನೆ ತಳುಕು ಹಾಕಿಕೊಂಡಿದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬೆಲೆ ತಿಂಗಳಿನಿಂದ ತಿಂಗಳಿಗೆ ಹಾರಿ ಬೀಳುತ್ತದೆ. ಜುಲೈ ಬೆಲೆಯನ್ನು ಮಾರ್ಚ್ ಬೆಲೆಯೊಡನೆ ಹೋಲಿಸಿ ಬೆಳೆಗಾರ ಗೆದ್ದನೆಂದು ಹೇಳುವುದು ಸರಿಯಲ್ಲ. ಜನವರಿಯಿಂದ ಡಿಸೆಂಬರ್‌ವರೆಗಿನ ಒಂದೇ ಅಡ್ಡಗೆರೆಯ ಮೇಲೆ ಪ್ರತಿ ವರ್ಷಕ್ಕೂ ಒಂದು ಬಣ್ಣದ ಗೆರೆ ಎಳೆದರೆ, ಋತುವಿನ ಸಹಜ ಏರಿಳಿತ ಯಾವುದು, ಅಸಹಜ ಕುಸಿತ ಯಾವುದು ಎಂಬುದು ಬೇರ್ಪಟ್ಟು ಕಾಣುತ್ತದೆ.

ಶ್ರೀನಿವಾಸಪುರದ ಮಾವಿನ ಲೆಕ್ಕ ಇನ್ನೊಂದು ಬಗೆಯದು. ಮಾವಿನ ಹಲವು ತಳಿಗಳು ಒಂದು ವರ್ಷ ಹೆಚ್ಚು ಫಸಲು ಬಿಟ್ಟರೆ ಮರುವರ್ಷ ಕಡಿಮೆ ಬಿಡುತ್ತವೆ. ಕೇವಲ ಕಳೆದ ವರ್ಷದೊಡನೆ ಹೋಲಿಸಿದರೆ ಒಮ್ಮೆ ಹಾಹಾಕಾರ, ಒಮ್ಮೆ ಸಂಭ್ರಮ ಎರಡೂ ಪೊಳ್ಳಾಗುತ್ತವೆ. ಐದಾರು ವರ್ಷಗಳ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಎರಡೆರಡು ವರ್ಷಗಳ ಸರಾಸರಿಯ ಗೆರೆಯನ್ನು ಅದರ ಮೇಲೆ ಎಳೆದಾಗ ಮಾತ್ರ ಫಸಲು ನಿಜಕ್ಕೂ ಇಳಿಯುತ್ತಿದೆಯೇ ಎಂಬುದು ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅಂತರ್ಜಲದ್ದು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಹರಿಯತೊಡಗಿತು. 2021ರಲ್ಲಿ ಭಾರಿ ಮಳೆಯೂ ಸುರಿದು ಕೆರೆಗಳು ಕೋಡಿ ಬಿದ್ದವು. ಕೊಳವೆಬಾವಿಯ ಮಟ್ಟ ಏರಿದ್ದರೆ ಅದು ಯೋಜನೆಯ ಫಲವೋ, ಮಳೆಯ ಫಲವೋ? 2017 ಹಾಗೂ 2021ರ ಎರಡು ಕಂಬಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಯಾರು ಏನು ಬೇಕಾದರೂ ವಾದಿಸಬಹುದು. 2018ಕ್ಕೂ ಹಲವು ವರ್ಷ ಹಿಂದಿನಿಂದ ತಿಂಗಳುವಾರು ನೀರಿನ ಮಟ್ಟದ ಗೆರೆ, ಅದರ ಕೆಳಗೆ ಅದೇ ತಿಂಗಳುಗಳ ಮಳೆಯ ಕಂಬ, ಜೊತೆಗೆ ಯೋಜನೆಯ ನೀರು ತಲುಪಿದ ಹಾಗೂ ತಲುಪದ ಊರುಗಳಿಗೆ ಬೇರೆ ಬೇರೆ ಗೆರೆ ಇರಬೇಕು. ಭೂಮಟ್ಟದಿಂದ ಕೆಳಕ್ಕೆ ಅಳೆಯುವ ಲೆಕ್ಕವಾದ್ದರಿಂದ ನಕ್ಷೆಯ ಸೊನ್ನೆ ಮೇಲ್ಭಾಗದಲ್ಲಿರಬೇಕು. ಇಲ್ಲವಾದರೆ ನೀರು ಪಾತಾಳಕ್ಕಿಳಿದಾಗ ಗೆರೆ ಮೇಲೇರಿ, ನೋಡುವವರಿಗೆ ಸಮೃದ್ಧಿಯ ಭ್ರಮೆ ಹುಟ್ಟಿಸುತ್ತದೆ.

ಅಳತೆ ತಪ್ಪಿದ ವರ್ಷಗಳ ವಿಷಯದಲ್ಲೂ ಎಚ್ಚರ ಅಗತ್ಯ. 2010, 2015, 2016, 2017ರ ಅಂಕಿಗಳಷ್ಟೇ ಇದ್ದರೆ, ವರ್ಷಗಳನ್ನು ಬರೀ ಹೆಸರುಗಳೆಂದು ಭಾವಿಸಿದ ಸ್ಪ್ರೆಡ್‌ಶೀಟ್ ಅವುಗಳನ್ನು ಸಮಾನ ಅಂತರದಲ್ಲಿ ಕೂರಿಸುತ್ತದೆ. ಐದು ವರ್ಷದ ಇಳಿತ ಒಂದೇ ವರ್ಷದ ಕುಸಿತದಂತೆ ತೋರುತ್ತದೆ. ವರ್ಷಗಳನ್ನು ದಿನಾಂಕವಾಗಿ ನಮೂದಿಸಿದರೆ ಅಥವಾ ಅಡ್ಡ ಅಳತೆಯನ್ನೂ ಸಂಖ್ಯೆಯಾಗಿ ಎಣಿಸುವ ಸ್ಕ್ಯಾಟರ್ ನಕ್ಷೆ ಬಳಸಿದರೆ ಈ ದೋಷ ತಪ್ಪುತ್ತದೆ.

ಕ್ಷಾಮದಲ್ಲಿ ಕಾಲು ಭಾಗ ಜನರನ್ನು ಕಳೆದುಕೊಂಡ ಜಿಲ್ಲೆಯಲ್ಲಿ ಬೆಳೆದ ಹುಡುಗ ಮುಂದೆ ನೀರು, ಶಾಲೆ, ವರಮಾನಗಳ ಲೆಕ್ಕ ಹಿಡಿದು ನಾಡು ಕಟ್ಟಲು ಹೊರಟ. ಕೆಲವು ಲೆಕ್ಕಗಳಲ್ಲಿ ಆತನಿಗೆ ಎದುರಾದ ಪ್ರಶ್ನೆಗಳು ಇಂದಿಗೂ ಮುಗಿದಿಲ್ಲ. ಮುಂದಿನ ಬಾರಿ ಯಾವುದೇ ಇಲಾಖೆ ಅಥವಾ ಪಕ್ಷ ಏರುಗೆರೆಯ ನಕ್ಷೆಯೊಂದನ್ನು ಮುಂದಿಟ್ಟಾಗ ಓದುಗರು ಕೇಳಬೇಕಾದ ಪ್ರಶ್ನೆಗಳು ಮೂರೇ: ಲೆಕ್ಕ ಯಾವ ವರ್ಷದಿಂದ ಆರಂಭವಾಗಿದೆ, ಅಳತೆ ಸೊನ್ನೆಯಿಂದ ಇದೆಯೇ, ಏರಿದ್ದು ಮೊತ್ತವೋ ಪಾಲೋ. ಈ ಮೂರಕ್ಕೂ ಉತ್ತರ ಸಿಕ್ಕ ಮೇಲಷ್ಟೇ ಆ ಗೆರೆಯನ್ನು ನಂಬುವ ಮಾತು.